ಹೇಳಬಾರದ ಸೊಪ್ಪು

ಸತ್ತವರಿಗೆ ಕೊಟ್ಟ ಮಾತನ್ನು ಮುರಿಯಬಹುದೇ? ಈ ಪ್ರಶ್ನೆ ನನಗೆ ಹುಟ್ಟಿದ್ದು ಯಾವುದೋ ದೊಡ್ಡ ಪುಸ್ತಕ ಓದುವಾಗ ಅಲ್ಲ, ಅಡುಗೆಮನೆಯ ಒಲೆಯ ಮೇಲೆ ಸೊಪ್ಪಿನ ರಸ ಕುದಿಯುತ್ತಿದ್ದಾಗ. ಬದುಕಿರುವವರಿಗೆ ಕೊಟ್ಟ ಮಾತಾದರೆ ಹೋಗಿ ಕೈಹಿಡಿದು, 'ಏನೋ ಆಗಿಹೋಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ' ಎನ್ನಬಹುದು. ಅವರು ನಾಲ್ಕು ಮಾತು ಬೈದು ಸುಮ್ಮನಾಗಬಹುದು. ಸತ್ತವರು ಬೈಯುವುದೂ ಇಲ್ಲ, ಬಿಡುವುದೂ ಇಲ್ಲ.

ನಾನು ಮಾತು ಕೊಟ್ಟದ್ದು ನನ್ನ ಸೋದರತ್ತೆಗೆ, 1996ರಲ್ಲಿ, ಆಕೆ ತೀರಿಕೊಳ್ಳುವ ಎರಡು ತಿಂಗಳ ಮುಂಚೆ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಸಿರಸಿಯಿಂದ ಬಸ್ಸಿಳಿದು ಮತ್ತೆ ಮೂರು ಮೈಲಿ ನಡೆಯಬೇಕಾದ ನಮ್ಮ ಮನೆಯಲ್ಲಿ ಆಕೆಗೆ ಆಸ್ತಿ ಎಂದು ಇದ್ದದ್ದು ಒಂದು ಮರದ ಪೆಟ್ಟಿಗೆ, ನಾಲ್ಕು ಸೀರೆ ಮತ್ತು ಒಂದು ಮದ್ದು. ಕಾಲು ಒಡಕಿಗೆ, ನೀರುಗಾಯಕ್ಕೆ, ಗದ್ದೆಯ ಕೆಸರಿನಲ್ಲಿ ನಿಂತು ಬೆರಳ ಸಂದಿ ಕೆತ್ತಿಹೋದದ್ದಕ್ಕೆ ಹಚ್ಚುವ ಮುಲಾಮು. ಆಕೆ ಅದನ್ನು ಮುಲಾಮು ಎನ್ನುತ್ತಿರಲಿಲ್ಲ, 'ಕಾಲಿನ ಮದ್ದು' ಎನ್ನುತ್ತಿದ್ದಳು. ನಟ್ಟಿ ಮುಗಿಯುವ ಹೊತ್ತಿಗೆ ನಮ್ಮ ಜಗುಲಿಯ ತುಂಬ ಹೆಂಗಸರ ಕಾಲುಗಳೇ. ಗಂಡಸರು ಬರುತ್ತಿರಲಿಲ್ಲವೆಂದಲ್ಲ, ಆದರೆ ಹಿಮ್ಮಡಿ ಒಡೆಯುವುದು ಹೆಚ್ಚಾಗಿ ನಮ್ಮವರಿಗೇ ತಾನೆ. ನೀರಿನಲ್ಲಿ ನಿಲ್ಲುವವರು ಯಾರು, ಬಚ್ಚಲು ತಿಕ್ಕುವವರು ಯಾರು!

ಆ ಮದ್ದು ಮಾಡುವುದು ವರ್ಷಕ್ಕೆ ಒಂದು ಸಲ. ಮೇ ತಿಂಗಳಲ್ಲಿ ಸೊಪ್ಪಿನ ಬೆಟ್ಟದಲ್ಲಿ ಮುರುಗಲು ಹಣ್ಣಾಗುತ್ತದೆ. ಅತ್ತೆಯ ಜೊತೆ ಬುಟ್ಟಿ ಹಿಡಿದು ಹೋಗುವುದು ನಮಗೆ ಹಬ್ಬ. ಮರದಡಿ ಬಿದ್ದದ್ದನ್ನು ಆರಿಸಬೇಕು, ಕೈಗೆ ಎಟುಕುವ ಕೊಂಬೆಯದನ್ನು ಕೊಯ್ಯಬಹುದು, ಕೊಂಬೆ ಬಗ್ಗಿಸಿ ಮುರಿದರೆ ಮಾತ್ರ ಬೆನ್ನಿಗೆ ಗುದ್ದು. ಮೇಲಿನದೆಲ್ಲ ಮಂಗಗಳಿಗೆ, ಹಕ್ಕಿಗಳಿಗೆ. ಸಿಪ್ಪೆ ಬಿಡಿಸಿ ಒಣಗಿಸಿದರೆ ಸಾರಿಗೆ, ರಸ ಸಕ್ಕರೆ ಹಾಕಿಟ್ಟರೆ ಪಾನಕಕ್ಕೆ. ಎಲ್ಲರೂ ಬಿಸಾಡುವ ಬೀಜ ಅತ್ತೆಗೆ. ಅದನ್ನು ತೊಳೆದು, ವಾರಗಟ್ಟಲೆ ಬಿಸಿಲಿಗೆ ಹಾಕಿ, ಸಿಪ್ಪೆ ಕುಟ್ಟಿ ತೆಗೆದು, ಬಿಳಿ ತಿರುಳನ್ನು ನುಣ್ಣಗೆ ಅರೆದು ನೀರಿನಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಹಪ್ಪಳದಂತೆ ಗಟ್ಟಿ. ಅದೇ ಮುರುಗಲು ತುಪ್ಪ. ಮತ್ತೊಮ್ಮೆ ಕರಗಿಸಿ, ಸೋಸಿ, ಕೋಳಿಮೊಟ್ಟೆಯಷ್ಟು ದಪ್ಪದ ಉಂಡೆ ಮಾಡಿ ಇಡುತ್ತಿದ್ದಳು. ಕೈಯಲ್ಲಿ ಹಿಡಿದರೆ ಕಲ್ಲಿನಂತೆ ಇರುವ ಉಂಡೆ, ಮೈಗೆ ತಿಕ್ಕಿದರೆ ಮೈಯ ಬಿಸಿಗೇ ಕರಗುತ್ತದೆ. ಬರೀ ಇದನ್ನೇ ಹಚ್ಚಿದರೂ ಒಡಕು ಮುಚ್ಚುತ್ತದೆ ಎಂಬುದು ಉತ್ತರ ಕನ್ನಡದ ಯಾವ ಅಜ್ಜಿಗೂ ಗೊತ್ತಿರುವ ಸಂಗತಿ.

ಆದರೆ ಅತ್ತೆಯದು ಬರೀ ತುಪ್ಪವಲ್ಲ. ಒಂದೆಲಗದ ರಸ, ಹಸಿ ಅರಿಸಿನ, ಇನ್ನೊಂದು ಸೊಪ್ಪಿನ ರಸ, ಇವಿಷ್ಟನ್ನೂ ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುವುದು. ಒಂದು ಸೇರು ಎಣ್ಣೆಗೆ ನಾಲ್ಕು ಸೇರು ರಸ. ಆ ರಸದ ನೀರೆಲ್ಲ ಆರಿಹೋಗಬೇಕು, ಸೊಪ್ಪು ಮಾತ್ರ ಸೀಯಬಾರದು. ಎಣ್ಣೆಯಲ್ಲಿ ಹತ್ತಿಯ ಬತ್ತಿ ಅದ್ದಿ ದೀಪಕ್ಕೆ ಹಿಡಿಯುತ್ತಿದ್ದಳು. ಚಟಪಟ ಅಂದರೆ ನೀರು ಉಳಿದಿದೆ ಎಂದರ್ಥ, ಹದಿನೈದು ದಿನಕ್ಕೆ ಬೂಸಲು. ಸದ್ದಿಲ್ಲದೆ ಉರಿದರೆ ಇಳಿಸಬಹುದು. ಸೋಸಿ, ಬಿಸಿ ಇರುವಾಗಲೇ ಮುರುಗಲು ತುಪ್ಪ ಮತ್ತು ಸ್ವಲ್ಪ ಜೇನುಮೇಣ ಸೇರಿಸಿ ತೆಂಗಿನ ಕರಟಗಳಿಗೆ ಎರೆಯುವುದು. ಇಡೀ ದಿನದ ಕೆಲಸ. ಆ ದಿನ ಆಕೆಗೆ ಊಟವಿಲ್ಲ.

'ಇನ್ನೊಂದು ಸೊಪ್ಪು' ಎಂದೆನಲ್ಲ, ಗುಟ್ಟು ಅದರಲ್ಲಿ. ಬೆಳಕು ಹರಿಯುವ ಮೊದಲು ಒಬ್ಬಳೇ ಹೋಗಿ, ಮಡಿಲಲ್ಲಿ ಮುಚ್ಚಿ ತಂದು, ಬಾಗಿಲು ಹಾಕಿಕೊಂಡು ಕುಟ್ಟಿ ರಸ ಹಿಂಡಿ, ಚರಟವನ್ನು ಬೂದಿಗುಂಡಿಯಲ್ಲಿ ಹೂತುಬಿಡುತ್ತಿದ್ದಳು. ಹೆಸರು ಹೇಳಿದರೆ ಮದ್ದು ಹಿಡಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಮಾತ್ರವಲ್ಲ, ನಾಡಿನ ಎಲ್ಲ ಕಡೆ ಇದೆ. ನಿಮ್ಮ ಊರಿನಲ್ಲೂ ಕಾಮಾಲೆಗೋ ಸರ್ಪಸುತ್ತಿಗೋ ಮದ್ದು ಕೊಡುವ ಒಬ್ಬರಿದ್ದಾರು, ಅವರೂ ಸೊಪ್ಪಿನ ಹೆಸರು ಹೇಳಲಿಕ್ಕಿಲ್ಲ.

ಆಕೆಗೆ ಮಕ್ಕಳಿರಲಿಲ್ಲ. ಮದ್ದನ್ನು ಯಾರಿಗಾದರೂ ಒಪ್ಪಿಸಲೇಬೇಕಿತ್ತು. ನಾನು ಆಗ ಬಿ.ಎ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದೆ. ರಜೆಗೆ ಹೋದವಳನ್ನು ನಸುಕಿನಲ್ಲಿ ಎಬ್ಬಿಸಿ ಅಂಗಳದಾಚೆ ಕರೆದುಕೊಂಡು ಹೋದಳು. ಕಾಡಿನೊಳಗೆ ಹೋಗುತ್ತಾಳೆ ಎಂದುಕೊಂಡು ನಾನು ಚಪ್ಪಲಿ ಹುಡುಕುತ್ತಿದ್ದರೆ, ಆಕೆ ಕೊಟ್ಟಿಗೆಯ ಹಿಂದಿನ ದಿಬ್ಬದಲ್ಲಿ ಕೂತು ಒಂದು ಸೊಪ್ಪು ಮುಟ್ಟಿ ತೋರಿಸಿದಳು. 'ಯಾರಿಗೂ ಹೇಳಡ ಕೂಸೆ. ದುಡ್ಡು ಮುಟ್ಟಡ. ಬೇರು ಕೀಳಡ' ಅಂದಳು. ಮೂರಕ್ಕೂ ಹೂಂ ಅಂದೆ. ನೋಡಿದರೆ ಅದು ನೆಲಕ್ಕೆ ಹಬ್ಬಿ ಬೆಳೆಯುವ, ಉದ್ದ ತೊಟ್ಟಿನ ತುದಿಯಲ್ಲಿ ಹಳದಿ ನಡುವಿನ, ಬಿಳಿ ಎಸಳಿನ ಸಣ್ಣ ಹೂ ಬಿಡುವ ಕಳೆ. ನಾವು ಮಕ್ಕಳು ಅದರ ಹೂವಿನ ತಲೆ ಹಾರಿಸಿ ಆಡುತ್ತಿದ್ದೆವು. ಮಂಡಿ ತರಚಿದರೆ ಅದನ್ನೇ ಹಿಂಡಿಕೊಳ್ಳುತ್ತಿದ್ದೆವು. ಒಂದೊಂದು ಊರಿನಲ್ಲಿ ಅದಕ್ಕೆ ಒಂದೊಂದು ಹೆಸರು. ನಮ್ಮ ಶಾಲೆಯ ಮಕ್ಕಳು ಗಾಯದ ಸೊಪ್ಪು ಅನ್ನುತ್ತಾರೆ.

ಇದೋ ನೋಡಿ, ಹೇಳಿಬಿಟ್ಟೆ. ಮಾತು ಮುರಿದಾಯಿತು. ಯಾಕೆ ಮುರಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮೊದಲ ಇಪ್ಪತ್ತು ವರ್ಷ ನಾನು ಮಾತನ್ನು ಬಹಳ ನಿಷ್ಠೆಯಿಂದ ಉಳಿಸಿಕೊಂಡೆ. ಪ್ರತಿ ಬೇಸಿಗೆ ತವರಿನಿಂದ ಮುರುಗಲು ಬೀಜ ತರಿಸಿ ಸಿರಸಿಯ ಬಾಡಿಗೆ ಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಮದ್ದು ಮಾಡಿದೆ. ಕರಟದ ಬದಲು ಪ್ಲಾಸ್ಟಿಕ್ ಡಬ್ಬಿ ಬಂತು. ಸಹೋದ್ಯೋಗಿಗಳಿಗೆ, ಅವರ ಅತ್ತೆಯಂದಿರಿಗೆ, ಬೆಂಗಳೂರಿನ ಸೊಸೆಯಂದಿರಿಗೆ ಡಬ್ಬಿಗಳು ಹೋದವು. 'ಅಕ್ಕೋರ ಮುಲಾಮು' ಎಂದು ಹೆಸರಾಯಿತು. ದುಡ್ಡು ಮುಟ್ಟಲಿಲ್ಲ. ಆದರೆ ದುಡ್ಡಿಗಿಂತ ರುಚಿಯಾದದ್ದು ಒಂದಿದೆ, ಅದನ್ನು ಚೆನ್ನಾಗಿ ಉಂಡೆ. 'ಏನು ಹಾಕ್ತೀರಿ ಅಕ್ಕೋರೇ?' ಎಂದು ಯಾರಾದರೂ ಕೇಳುವುದು, ನಾನು 'ಅದನ್ನು ಹೇಳುವ ಹಾಗಿಲ್ಲ' ಎಂದು ನಗುವುದು. ಮೂವತ್ತು ಮಕ್ಕಳ ಎದುರು ನಿಂತು ವಿದ್ಯೆ ಹಂಚಿದರೆ ಹೆಚ್ಚುತ್ತದೆ ಎಂದು ಪಾಠ ಹೇಳಿದ ಬಾಯೇ ಅದು. ಆ ವಿರೋಧ ನನಗೆ ಕಾಣುತ್ತಿರಲಿಲ್ಲವೆಂದಲ್ಲ. ಅದು ಕೊಟ್ಟ ಮಾತು, ಇದು ಪಾಠ ಎಂದು ಬೇರೆ ಬೇರೆ ಗೂಡಿನಲ್ಲಿ ಇಟ್ಟುಕೊಂಡಿದ್ದೆ.

ಒಮ್ಮೆ ನಮ್ಮ ವಿಜ್ಞಾನದ ಮೇಷ್ಟ್ರು ಮಕ್ಕಳಿಗೆ ಆಟದ ಬಯಲಿನ ಗಿಡಗಳನ್ನು ತೋರಿಸುತ್ತಿದ್ದರು. ಅತ್ತೆಯ ಸೊಪ್ಪನ್ನು ಕಿತ್ತು ಹಿಡಿದು, 'ಇದು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಇದರ ತವರು ಮಧ್ಯ ಅಮೆರಿಕ, ನಮ್ಮಲ್ಲಿಗೆ ಬಂದು ಸೇರಿಕೊಂಡ ಕಳೆ' ಅಂದರು. ನಾನು ಬೆಚ್ಚಿಬಿದ್ದೆ. ತಲೆತಲಾಂತರದಿಂದ ಬಂದ ಗುಟ್ಟು, ಬೆಳಕು ಹರಿಯುವ ಮೊದಲು ಕೊಯ್ಯಬೇಕಾದ ಸೊಪ್ಪು, ಹಡಗಿನಲ್ಲಿ ಬಂದಿಳಿದ ಪರದೇಶಿ! ನಮ್ಮ ಯಾವ ಅಜ್ಜಿ ಅದನ್ನು ಮೊದಲು ಹಿಂಡಿ ನೋಡಿದಳೋ, ಆಕೆ ಯಾರ ಗುಟ್ಟನ್ನೂ ಕಾಯುತ್ತಿರಲಿಲ್ಲ. ಹೊಸ ಗಿಡ ಕಂಡಿತು, ಪರೀಕ್ಷೆ ಮಾಡಿದಳು, ಪಕ್ಕದವಳಿಗೆ ಹೇಳಿರಲೂಬೇಕು. ಗುಟ್ಟು ಆಮೇಲೆ ಬಂದದ್ದು. ಅದೂ ಯಾಕೆ ಬಂತೆಂದು ಆ ದಿನ ಸ್ವಲ್ಪ ಹೊಳೆಯಿತು. ಹಿತ್ತಿಲ ಗಿಡ ಮದ್ದಲ್ಲ ಅನ್ನುತ್ತೇವಲ್ಲ. ಕೊಟ್ಟಿಗೆಯ ಹಿಂದಿನ ಕಳೆ ಎಂದು ಗೊತ್ತಾದರೆ ಯಾರು ಅದನ್ನು ದಿನಕ್ಕೆರಡು ಸಲ ತಪ್ಪದೆ ಹಚ್ಚಿಯಾರು? ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂಬುದು ಅಷ್ಟರಮಟ್ಟಿಗೆ ನಿಜವೇ.

ಗುಟ್ಟಿನ ಪರವಾಗಿ ಇನ್ನೂ ಒಂದು ಮಾತಿದೆ, ಅದನ್ನು ಹೇಳದಿದ್ದರೆ ನ್ಯಾಯವಾಗದು. ಗೊತ್ತಾದ ಗಿಡ ಉಳಿಯುವುದಿಲ್ಲ. ಉಪ್ಪಾಗೆಯ ಸಿಪ್ಪೆಯಿಂದ ತೂಕ ಇಳಿಸುವ ಮದ್ದು ಮಾಡುತ್ತಾರಂತೆ ಎಂದು ಹೊರದೇಶದಿಂದ ಬೇಡಿಕೆ ಬಂದಾಗ ನಮ್ಮ ಕಾಡಿನಲ್ಲಿ ಏನಾಯಿತು ಎಂದು ಕಣ್ಣಾರೆ ಕಂಡವಳು ನಾನು. ಹಣ್ಣಾಗಲು ಬಿಟ್ಟರೆ ಬೇರೆಯವರು ಒಯ್ಯುತ್ತಾರೆಂದು ಕಾಯಿಯನ್ನೇ ಕೊಯ್ದರು, ಕೊಂಬೆಯನ್ನೇ ಕಡಿದು ಕೆಳಗೆ ಹಾಕಿದರು. ಸಕ್ಕರೆ ಕಾಯಿಲೆಗೆ ಏಕನಾಯಕನ ಬೇರು ಒಳ್ಳೆಯದೆಂದು ಬಾಯಿಂದ ಬಾಯಿಗೆ ಹರಡಿತು. ಬೇರು ತೆಗೆದ ಮೇಲೆ ಬಳ್ಳಿ ಎಲ್ಲಿಂದ ಬರಬೇಕು? ನಮ್ಮ ಮನೆಯವರಿಗೂ ಆ ಬೇರಿನ ಕಟ್ಟೊಂದನ್ನು ಯಾರೋ ತಂದುಕೊಟ್ಟಿದ್ದರು, ನಾನೂ ಕುದಿಸಿ ಕೊಟ್ಟಿದ್ದೇನೆ. ಹಾಗಾಗಿ ಬೇರೆಯವರ ಮೇಲೆ ಬೆರಳು ತೋರಿಸುವ ಹಕ್ಕು ನನಗಿಲ್ಲ. ಬೇರು ಕೀಳಡ ಎಂದ ಅತ್ತೆಗೆ ಇದೆಲ್ಲ ಗೊತ್ತಿತ್ತು.

ಆದರೆ ಮುಚ್ಚಿಟ್ಟದ್ದು ಕೂಡ ಉಳಿಯುತ್ತದೆಂದು ಭರವಸೆ ಏನು? 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಪೇಟೆಂಟ್ ಕೊಟ್ಟಿದ್ದರು, ನೆನಪಿದೆಯೇ? ನಮ್ಮ ಸರ್ಕಾರದ ವಿಜ್ಞಾನ ಸಂಸ್ಥೆ ಸಿ.ಎಸ್.ಐ.ಆರ್. ಜಗಳವಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ರದ್ದಾದದ್ದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು ಎಂದು ಹೇಳಿದ್ದರಿಂದಲ್ಲ. ಹಳೆಯ ಗ್ರಂಥಗಳನ್ನೂ ಅಚ್ಚಾದ ಲೇಖನಗಳನ್ನೂ ತೆಗೆದು ತೋರಿಸಿದ್ದರಿಂದ. ಬರೆದಿಟ್ಟದ್ದು ಉಳಿಯಿತು. ಅಂದು ಪೇಪರಿನಲ್ಲಿ ಓದಿದಾಗ ನನಗೆ ಹೆಮ್ಮೆಯ ಜೊತೆಗೆ ಒಂದು ಚುಚ್ಚು ಸಹ ಆಯಿತು. ಅತ್ತೆಯ ಮದ್ದು ಎಲ್ಲಿಯೂ ಬರೆದಿರಲಿಲ್ಲ. ನಾನೊಬ್ಬಳು ಬಸ್ಸಿನಡಿ ಸಿಕ್ಕಿದರೆ ಮುಗಿಯಿತು.

ಇಷ್ಟೆಲ್ಲ ಯೋಚನೆ ಬಂದರೂ ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡಿಸಿದ್ದು ಒಂದು ಕಾಲು.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರಲ್ಲಿ ಒಬ್ಬಾಕೆ. ಹೆಸರು ಬೇಡ. ಬೆಳಗಿನಿಂದ ಮಧ್ಯಾಹ್ನದ ತನಕ ಒದ್ದೆ ನೆಲದ ಮೇಲೆ ನಿಲ್ಲುವ ಕೆಲಸ. 2018ರ ಮಳೆಗಾಲದಲ್ಲಿ ಕಾಲು ಒಡೆದಿದೆ, ಒಂದು ಕಡೆ ಗಾಯವಾಗಿದೆ ಎಂದು ಹೇಳಿಕಳಿಸಿದಳು. ನಾನು ಏಳನೆಯ ತರಗತಿಯ ಹುಡುಗಿಯ ಕೈಯಲ್ಲಿ ಒಂದು ಡಬ್ಬಿ ಕಳಿಸಿದೆ. ತಿಂಗಳ ನಂತರ ಇನ್ನೊಂದು ಡಬ್ಬಿ ಬೇಕೆಂದಳು. ಮದ್ದು ಹಿಡಿದಿದೆ ಎಂದು ಹಿಗ್ಗಿ ಅದನ್ನೂ ಕಳಿಸಿದೆ. ಸಿಬ್ಬಂದಿ ಕೊಠಡಿಯಿಂದ ಅಡುಗೆಕೋಣೆಗೆ ನಲವತ್ತು ಹೆಜ್ಜೆ ಇದ್ದೀತು. ಹೋಗಿ ನೋಡಲಿಲ್ಲ. ಪರೀಕ್ಷೆಯ ಪತ್ರಿಕೆ ತಿದ್ದುವುದಿತ್ತು.

ದಸರೆ ರಜೆ ಮುಗಿದ ಮೇಲೆ ಆಕೆ ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆಯಲ್ಲಿದ್ದಾಳೆ ಎಂದು ಗೊತ್ತಾಗಿ ನೋಡಲು ಹೋದೆ. ಎರಡು ಬೆರಳು ತೆಗೆದಿದ್ದರು. ಸಕ್ಕರೆ ಕಾಯಿಲೆ ಎಷ್ಟೋ ವರ್ಷದಿಂದ ಇದ್ದಿರಬೇಕು, ಆಕೆಗೆ ಗೊತ್ತಿರಲಿಲ್ಲ. ಗಾಯ ನೋಯುತ್ತಿರಲಿಲ್ಲವಾದ್ದರಿಂದ ಮದ್ದು ಕೆಲಸ ಮಾಡುತ್ತಿದೆ ಎಂದು ತಿಳಿದುಕೊಂಡಿದ್ದಳು. 'ನಿಮ್ಮ ಮದ್ದು ತಂಪಾಗಿತ್ತು ಅಕ್ಕೋರೇ' ಅಂದಳು. ಅದರಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಅಲ್ಲಿ ನಿಂತಿದ್ದಾಗಲೇ ವೈದ್ಯೆ ಬಂದು ಆಕೆಯ ಇನ್ನೊಂದು ಕಾಲನ್ನು ಪರೀಕ್ಷಿಸಿದರು. ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೀನುಗಾಳದ ದಾರದಂತಹ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಅಲ್ಲಲ್ಲಿ ಊರಿ, 'ಮುಟ್ಟಿದ್ದು ಗೊತ್ತಾಯಿತಾ? ಈಗ?' ಎಂದು ಕೇಳುತ್ತ ಹೋದರು. ಕೆಲವು ಕಡೆ ಆಕೆ ಸುಮ್ಮನಿದ್ದಳು. ನನಗೆ ನಿಂತ ನೆಲ ಸರಿದಂತಾಯಿತು.

ಯಾಕೆಂದರೆ ಅದನ್ನು ನಾನು ಮೊದಲೇ ನೋಡಿದ್ದೆ. ನಮ್ಮ ಮನೆಯ ಜಗುಲಿಯ ಮೇಲೆ. ಮದ್ದು ಕೇಳಿ ಬಂದವರಿಗೆ ಅತ್ತೆ ಮೊದಲು ಬಿಸಿನೀರು ಕೊಟ್ಟು ಕಾಲು ತೊಳೆಸುತ್ತಿದ್ದಳು. ಬಿಸಿಲಿಗೆ ಕಾಲು ಚಾಚಿಸಿ, ಬಗ್ಗಿ ನೋಡಿ, ಮೂಸಿ ಸಹ ನೋಡುತ್ತಿದ್ದಳು. ಆಮೇಲೆ ಮುಖ ಆಚೆ ತಿರುಗಿಸಲು ಹೇಳಿ, ಹಿಡಿಸೂಡಿಯ ಕಡ್ಡಿ ಒಂದನ್ನು ಮುರಿದು ಗಾಯದ ಸುತ್ತ ಮೆಲ್ಲಗೆ ಊರುತ್ತಿದ್ದಳು. 'ನೋವಾಗ್ತಾ? ಇಲ್ಲಿ?' ನೋವಾಗುತ್ತದೆ ಎಂದವರಿಗೆ ಕರಟ ತುಂಬ ಮದ್ದು. ನೋವಿಲ್ಲ ಎಂದವರಿಗೆ, 'ಇದು ನನ್ನ ಮದ್ದಿಗೆ ಬಗ್ಗೂದಲ್ಲ, ದವಾಖಾನೆಗೆ ಹೋಗು.' ಎಷ್ಟು ಬೇಡಿಕೊಂಡರೂ ಕೊಡುತ್ತಿರಲಿಲ್ಲ. ನೋವಿದ್ದವರಿಗೆ ಮದ್ದು, ನೋವಿಲ್ಲದವರಿಗೆ ಇಲ್ಲ, ಇದೆಂಥ ವಿಚಿತ್ರ ಹಟ ಎಂದು ನಾವು ಹುಡುಗಿಯರು ನಗುತ್ತಿದ್ದೆವು. ಆಕೆಯ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಕುಷ್ಠದ ಅನುಮಾನ. ಸ್ಪರ್ಶ ಸತ್ತ ಚರ್ಮ ಎಂದರೆ ಆ ಕಾಲದವರಿಗೆ ಅದೇ ಭಯ. ಸಕ್ಕರೆ ಕಾಯಿಲೆಯ ಹೆಸರೂ ಆಕೆ ಕೇಳಿದ್ದಳೋ ಇಲ್ಲವೋ. ಆದರೂ ಆ ಕಡ್ಡಿ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿತ್ತು.

ಮತ್ತೊಂದು ಸಂಗತಿ ಆಗಲೇ ನೆನಪಾಯಿತು. ಆಕೆ ಎಂದೂ ಯಾರ ಕೈಯಲ್ಲೂ ಮದ್ದು ಕಳಿಸಿದವಳಲ್ಲ. 'ಕಾಲು ಬರಲಿ' ಅನ್ನುತ್ತಿದ್ದಳು. ನಡೆಯಲಾರದವರಾದರೆ ತಾನೇ ಹೋಗುತ್ತಿದ್ದಳು. ಗುಟ್ಟಾಗಿ ಇಟ್ಟದ್ದರಿಂದ ಮದ್ದು ಬೇಕಾದವರು ಆಕೆಯ ಹತ್ತಿರವೇ ಬರಬೇಕಿತ್ತು. ಬಂದರೆ ಕಾಲು ಕಾಣುತ್ತಿತ್ತು. ನಾನು ಸೊಪ್ಪಿನ ಹೆಸರನ್ನು ಇಪ್ಪತ್ತೆರಡು ವರ್ಷ ಕಾಪಾಡಿದೆ, ಕಾಲು ನೋಡುವುದನ್ನು ಮೊದಲ ವರ್ಷವೇ ಬಿಟ್ಟೆ. ಅದನ್ನು ಆಕೆ ಷರತ್ತು ಎಂದು ಹೇಳಿರಲಿಲ್ಲ. ಉಸಿರಾಡು ಎಂದು ಯಾರೂ ಹೇಳಿಕೊಡುವುದಿಲ್ಲವಲ್ಲ, ಹಾಗೆ ಹೇಳದೆ ಬಿಟ್ಟಿರಬೇಕು.

ಮದ್ದಿನಿಂದಲೇ ಬೆರಳು ಹೋಯಿತೆಂದು ಆ ವೈದ್ಯೆ ಹೇಳಲಿಲ್ಲ. ನಾನು ಡಬ್ಬಿ ತೋರಿಸಿ ಎಲ್ಲ ಹೇಳಿದೆ, ಸೊಪ್ಪಿನ ಹೆಸರು ಸಮೇತ. ನಾನು ಬಾಯಿ ಬಿಟ್ಟದ್ದು ಆಗಲೇ ಮೊದಲು. ಅವರು ಮೂಸಿ ನೋಡಿ, 'ಒಣಗಿ ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳಲಿ, ತೊಂದರೆಯಿಲ್ಲ. ಆದರೆ ಎರಡು ತಿಂಗಳು ಮುಂಚೆ ಬಂದಿದ್ದರೆ ಚೆನ್ನಾಗಿತ್ತು' ಅಂದರು. ಎರಡು ತಿಂಗಳು ಅಂದರೆ ಎರಡು ಡಬ್ಬಿ.

ಅಂದಿನಿಂದ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಒಂದು ನೋಟುಬುಕ್ಕಿನಲ್ಲಿ ಅಳತೆ ಸಮೇತ ಬರೆದಿಟ್ಟಿದ್ದೇನೆ. ಬರೆಯುವಾಗ ಹೆಸರಿನ ತೊಡಕು ಎಷ್ಟಿದೆ ಎಂದು ಗೊತ್ತಾಯಿತು. ಬ್ರಾಹ್ಮಿ ಎಂದರೆ ನಮಗೆ ಒಂದೆಲಗ, ಇನ್ನು ಕೆಲವರಿಗೆ ನೀರುಬ್ರಾಹ್ಮಿ, ಎರಡೂ ಬೇರೆ ಬೇರೆ ಗಿಡ. ಪೇಟೆಯ ಕಾಂಪೌಂಡುಗಳಲ್ಲಿ ನೆಟ್ಟಗೆ ನಿಂತಿರುವ ಅಶೋಕವು ಔಷಧದ ಅಶೋಕವಲ್ಲ. ಹಾಗಾಗಿ ಪ್ರತಿ ಸೊಪ್ಪಿನ ಒಂದು ಎಲೆಯನ್ನು ಒಣಗಿಸಿ ಪುಟಕ್ಕೆ ಅಂಟಿಸಿದೆ. ಕೊನೆಯ ಪುಟಕ್ಕೆ ಹಿಡಿಸೂಡಿಯ ಕಡ್ಡಿಯೊಂದನ್ನು ಅಂಟಿಸಿದ್ದೇನೆ. ನನ್ನ ಮಗಳು ನೋಡಿ, 'ಇದ್ಯಾವ ಗಿಡಮೂಲಿಕೆ?' ಎಂದು ಕೇಳಿದಳು.

ಅತ್ತೆ ಏನನ್ನುತ್ತಿದ್ದಳೋ. ಕೆಲವು ಸಲ ಒಲೆಯ ಮುಂದೆ ಕೂತಾಗ ಅಪರಾಧಿಯಂತೆ ಅನ್ನಿಸುತ್ತದೆ. ಹೇಳಿದ್ದಕ್ಕೋ, ಅಷ್ಟು ವರ್ಷ ಹೇಳದೆ ಇದ್ದದ್ದಕ್ಕೋ, ಬೇರ್ಪಡಿಸಿ ನೋಡಲು ಬರುವುದಿಲ್ಲ.

ಹೋದ ತಿಂಗಳು ಪಕ್ಕದ ಮನೆಯಾಕೆ ಬಂದು, ಹುಬ್ಬಳ್ಳಿಯಲ್ಲಿರುವ ತನ್ನ ತಾಯಿಗೆ ಒಂದು ಡಬ್ಬಿ ಬೇಕು, ನಾಳೆ ತಮ್ಮ ಹೋಗುತ್ತಾನೆ ಅಂದರು. ತಾಯಿಗೆ ಸಕ್ಕರೆ ಇದೆಯೇ, ಕಾಲು ಮುಟ್ಟಿದರೆ ತಿಳಿಯುತ್ತದೆಯೇ ಎಂದು ಕೇಳಿದೆ. ಗೊತ್ತಿಲ್ಲ ಅಂದರು. 'ಹಾಗಾದರೆ ಒಮ್ಮೆ ಅಲ್ಲಿಯ ವೈದ್ಯರಿಗೆ ಕಾಲು ತೋರಿಸಲಿ, ಇಲ್ಲವೇ ಇಲ್ಲಿಗೆ ಬಂದಾಗ ನಾನೇ ನೋಡುತ್ತೇನೆ. ಮಾಡುವ ಕ್ರಮ ಬೇಕಾದರೆ ಈಗಲೇ ಬರೆದುಕೊಡುತ್ತೇನೆ, ಮದ್ದು ಮಾತ್ರ ಕಳಿಸುವುದಿಲ್ಲ' ಅಂದೆ. ಅವರಿಗೆ ಬೇಸರವಾಯಿತು. ಒಂದು ಡಬ್ಬಿ ಮುಲಾಮಿಗೆ ಹುಬ್ಬಳ್ಳಿಯಿಂದ ಬರಬೇಕೇ, ಮೊದಲೆಲ್ಲ ನೀವು ಹೀಗಿರಲಿಲ್ಲ ಎಂದು ಹೇಳಿ ಎದ್ದರು. ಅಂಗಳದಲ್ಲಿ ಮುರುಗಲು ಬೀಜ ಹರವಿತ್ತು. ಅದನ್ನು ತುಳಿಯದಂತೆ ಬದಿಯಿಂದ ಜಾಗ್ರತೆಯಾಗಿ ದಾಟಿಹೋದರು.